ದೂರದ ತರಗತಿಯಲ್ಲಿ ಸಂಶಯಕ್ಕೆ ಜಾಗ

ಆನ್‌ಲೈನ್ ಕಲಿಕೆಯಲ್ಲಿ ವಿದ್ಯಾರ್ಥಿಗಳ ಚರ್ಚೆ ಹೇಗೆ ಬೆಳೆಯಿತೆಂದು ಬರೆಯುವವರು 2011ರ ಸ್ಟ್ಯಾನ್‌ಫರ್ಡ್ ಕೋರ್ಸಿನಿಂದಲೋ, ಮರುವರ್ಷ ಮಂಗಳೂರು ಮೂಲದ ಅನಂತ್ ಅಗರ್ವಾಲ್ ಎಂಐಟಿಯಲ್ಲಿ ನಡೆಸಿದ ಸರ್ಕ್ಯೂಟ್ ಕೋರ್ಸಿನಿಂದಲೋ ಶುರುಮಾಡುವುದು ಈಗ ರೂಢಿ. ಸಿಕಂದರಾಬಾದಿನಲ್ಲಿದ್ದುಕೊಂಡು ದೂರಶಿಕ್ಷಣದಲ್ಲೇ ವೃತ್ತಿ ಕಳೆದ ನನಗೆ ಇದು ಅರ್ಧ ಕಥೆ. ಕಣ್ಣೆದುರಿಗಿಲ್ಲದ ವಿದ್ಯಾರ್ಥಿಯನ್ನು ಮಾತಾಡಿಸುವುದು ಹೇಗೆಂಬ ಪ್ರಶ್ನೆಯನ್ನು ಹೈದರಾಬಾದ್–ಸಿಕಂದರಾಬಾದ್ ಅವಳಿ ನಗರಗಳು ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಕೈಗೆತ್ತಿಕೊಂಡಿದ್ದವು.

ಅದಕ್ಕೆ ಹಿಂದಿನದನ್ನು ಬೇಗ ಹೇಳಿಬಿಡಬಹುದು. 1962ರಲ್ಲಿ ದೆಹಲಿಯಲ್ಲಿ, 1969ರಲ್ಲಿ ಮೈಸೂರಿನಲ್ಲಿ ಅಂಚೆ ತೆರಪಿನ ಶಿಕ್ಷಣ ಬಂತು. 1975–76ರಲ್ಲಿ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗಾ, ಬಿಜಾಪುರದ ಹಳ್ಳಿಗಳಿಗೂ ಟಿ.ವಿ. ಪಾಠ ತಲುಪಿತು. ಆದರೆ ನೋಡುತ್ತ ಕೂತವರು ತಿರುಗಿ ಕೇಳುವಂತಿರಲಿಲ್ಲ.

1982ರಲ್ಲಿ ಹೈದರಾಬಾದಿನಲ್ಲಿ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಂದಿನ ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ, ಆರಂಭವಾಯಿತು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಅದು. ಮೊದಲ ಕುಲಪತಿ ಜಿ. ರಾಮರೆಡ್ಡಿಯವರು ಮುಂದೆ 1985ರಲ್ಲಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಇಗ್ನೋವನ್ನೂ ಕಟ್ಟಿದರು. ಹೈದರಾಬಾದಿನ ವ್ಯವಸ್ಥೆ ಹೀಗಿತ್ತು: ಇರುವ ಕಾಲೇಜುಗಳಲ್ಲೇ ಅಧ್ಯಯನ ಕೇಂದ್ರ, ರಜಾದಿನಗಳಲ್ಲಿ ಸಂಪರ್ಕ ತರಗತಿ. ಪಾಠ ಪುಸ್ತಕದಲ್ಲೇ ಇರುತ್ತಿದ್ದುದರಿಂದ ತರಗತಿಯ ಹೊತ್ತು ಸಂಶಯಗಳಿಗೆ ಉಳಿಯುತ್ತಿತ್ತು. ರೈಲ್ವೆ ನೌಕರರು, ಗೃಹಿಣಿಯರು, ಓದು ಅರ್ಧಕ್ಕೇ ಬಿಟ್ಟವರು ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಬರುತ್ತಿದ್ದರು. ಒಬ್ಬರು ಕೇಳಿದ್ದಕ್ಕೆ ಹಿಂದಿನ ಬೆಂಚಿನವರು ಉತ್ತರಿಸುತ್ತಿದ್ದುದೂ ಉಂಟು. ಆ ಗುರುತು ಹಾಕಿದ ಸಾಲು, ಎದುರಿಗೆ ಉತ್ತರ ಹೇಳಬೇಕಾದ ಒಬ್ಬ ಮೇಷ್ಟ್ರು: ಇವೆರಡು ಸೇರಿದಲ್ಲಿ ಚರ್ಚೆ ತಾನಾಗಿ ನಡೆಯುತ್ತಿತ್ತು. ಆಮೇಲೆ ಬಂದ ತಂತ್ರಜ್ಞಾನಗಳನ್ನೆಲ್ಲ ನಾನು ಈ ಅಳತೆಯಲ್ಲೇ ನೋಡುತ್ತೇನೆ.

2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ ಕರ್ನಾಟಕದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುವಿನ ಕಾಲೇಜುಗಳಿಗೆ ಪಾಠ ತಲುಪಿಸಿತು. 2003ರ ಎನ್‌ಪಿಟಿಇಎಲ್ ಐಐಟಿ ತರಗತಿಗಳನ್ನು ಎಲ್ಲರಿಗೂ ತೆರೆಯಿತು, ದೊಡ್ಡ ಉಪಕಾರ. 2017ರ ‘ಸ್ವಯಂ’ ಎಂಬ ಸರ್ಕಾರಿ ಆನ್‌ಲೈನ್ ಕೋರ್ಸ್ ವೇದಿಕೆಯ ವಿನ್ಯಾಸದಲ್ಲಂತೂ ವಿಡಿಯೊ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆಗಳ ಜೊತೆಗೆ ಚರ್ಚಾ ವೇದಿಕೆಯೇ ನಾಲ್ಕನೆಯ ಅಂಗ. ನಾಲ್ಕರಲ್ಲಿ ಸೊರಗಿರುವುದೂ ಅದೇ. ಸಾವಿರಾರು ಜನರ ಪ್ರಶ್ನೆಗಳು ಒಂದೇ ಪಟ್ಟಿಯಲ್ಲಿ ಬಂದು ಬೀಳುತ್ತವೆ. ಪ್ರಮಾಣಪತ್ರ ಯಾವಾಗ ಬರುತ್ತದೆಂಬ ವಿಚಾರಣೆಯ ಕೆಳಗೆ ಪಾಠದ ಪ್ರಶ್ನೆ ಹೂತುಹೋಗುತ್ತದೆ. ಇದಕ್ಕೆ ಮದ್ದೆಂದು ಲೈಕು, ಬ್ಯಾಡ್ಜು, ಬರೆದವರಿಗೆ ಅಂಕ ಸೇರಿಸುತ್ತಾರೆ. ಅಂಕಕ್ಕಾಗಿ ಬರೆಸಿದ ಚರ್ಚೆಯಲ್ಲಿ ಒಪ್ಪಿಗೆ, ವಂದನೆಗಳೇ ತುಂಬಿರುತ್ತವೆ. ನಿಜವಾಗಿ ತಿಳಿಯದವರು ವಾಟ್ಸಾಪ್ ಗುಂಪಿಗೆ ಹೋಗುತ್ತಾರೆ.

ನನಗೆ ದಾರಿ ಕಂಡದ್ದು ಬೇರೆ ಕಡೆ. ಐಐಟಿ ಬಾಂಬೆಯಲ್ಲಿ ಕಣ್ಣನ್ ಮೌದ್ಗಲ್ಯ ಅವರು ರೂಪಿಸಿದ ಸ್ಪೋಕನ್ ಟ್ಯುಟೋರಿಯಲ್ ಎಂಬ ವಿಡಿಯೊ ಪಾಠಮಾಲೆಯಲ್ಲಿ ಪ್ರಶ್ನೆ ಕೇಳುವವರು ಯಾವ ಪಾಠ, ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು ಎಂದು ಗುರುತಿಸಬೇಕು. ಅದೇ ಜಾಗದಲ್ಲಿ ಎಡವಿದ ಇನ್ನೊಬ್ಬರಿಗೆ ಹಳೆಯ ಉತ್ತರ ಅಲ್ಲೇ ಸಿಗುತ್ತದೆ. ಪೆನ್ಸಿಲ್ ಗುರುತು ಮರಳಿ ಬಂದದ್ದು ಹೀಗೆ. ಇನ್ನೊಂದು ಪಿಯಾಝಾ ಎಂಬ ಪ್ರಶ್ನೋತ್ತರ ವೇದಿಕೆ. ಐಐಟಿ ಕಾನ್ಪುರದಲ್ಲಿ ಹುಡುಗರೇ ತುಂಬಿದ್ದ ತರಗತಿಯಲ್ಲಿ ಸಂಶಯ ಕೇಳಲು ಹಿಂಜರಿದ ಪೂಜಾ ಶಂಕರ್ ಅದನ್ನು ಕಟ್ಟಿದರು. ಸಹಪಾಠಿಗಳಿಗೆ ಹೆಸರು ಕಾಣದಂತೆ ಅಲ್ಲಿ ಕೇಳಬಹುದು. ನಮ್ಮ ಹೆಣ್ಣುಮಕ್ಕಳಿಗೆ ಇದು ಬೇರೆ ಯಾವ ಸೌಲಭ್ಯಕ್ಕಿಂತಲೂ ಮುಖ್ಯ. 2016ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ ಅವರ ತಂಡ ತಂದ ಜಿಲ್ ವಾಟ್ಸನ್ ಎಂಬ ಯಂತ್ರ ಸಹಾಯಕಿ ಮತ್ತೆ ಮತ್ತೆ ಬರುವ ಮಾಮೂಲಿ ಪ್ರಶ್ನೆಗಳನ್ನು ನಿಭಾಯಿಸಿತು. ಹಾಗೆ ಉಳಿದ ಸಮಯ ಮೇಷ್ಟ್ರ ಕೈಗೆ ಬಂದರೆ ಒಳ್ಳೆಯದೇ. ಮೇಷ್ಟ್ರನ್ನೇ ಕೆಲಸದಿಂದ ಬಿಡಿಸಲು ಆ ಯಂತ್ರವನ್ನು ಬಳಸುವ ಮಾತನ್ನು ನಾನು ಒಪ್ಪಲಾರೆ.

ಪ್ರಶ್ನೆ ಕೇಳುವ ಭಾಷೆಯ ಕಡೆ ಹೆಚ್ಚು ಗಮನ ಹೋಗಿಲ್ಲ. ಎನ್‌ಪಿಟಿಇಎಲ್ ಪಾಠಗಳ ಪಠ್ಯ ಈಗ ಕನ್ನಡದಲ್ಲೂ ಸಿಗುತ್ತಿದೆ. ಸಂಶಯ ಮಾತ್ರ ಇಂಗ್ಲಿಷಿನಲ್ಲೇ ಹುಟ್ಟಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ರಾಯಚೂರಿನ ಹುಡುಗಿ ಪಾಠವನ್ನು ಕನ್ನಡದಲ್ಲಿ ಓದಿಕೊಂಡು, ವ್ಯಾಕರಣ ತಪ್ಪೀತೆಂಬ ಅಂಜಿಕೆಯಿಂದ ಪ್ರಶ್ನೆಯನ್ನು ನುಂಗಿಕೊಳ್ಳುತ್ತಾಳೆ. ಅವಳು ಬಾಯಲ್ಲಿ ಹೇಳಿದ ಕನ್ನಡವನ್ನು ಬರಹಕ್ಕಿಳಿಸುವ ತಂತ್ರ ಇಂದು ಫೋನಿನಲ್ಲೇ ಇದೆ. ಆ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸುವ ಮೇಷ್ಟ್ರಿಗೆ ವಾರಕ್ಕೆ ಇಷ್ಟು ಗಂಟೆ ಎಂದು ಬೋಧನಾ ಅವಧಿ ಲೆಕ್ಕ ಹಾಕಿ, ಅದಕ್ಕೆ ಸಂಭಾವನೆ ಕೊಡುವ ಕೆಲಸ ಬಾಕಿಯಿದೆ.