ಬೆದೆ ತಪ್ಪಿದರೆ 21 ದಿನ ಲಾಸ್: ಹಸು ಸಾಕುವವರಿಗೆ ಗೊತ್ತಿರಬೇಕಾದ ಲೆಕ್ಕ

ಮಂಡ್ಯ: ಹಸು ಗಬ್ಬ ನಿಲ್ತಿಲ್ಲ ಅನ್ನೋದು ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಲ್ಲಿ ದಿನಾ ಕೇಳಿಬರುವ ಮಾತು. ಎಷ್ಟೋ ಸಲ ತೊಂದರೆ ಹಸುವಿನದ್ದಲ್ಲ, ಬೆದೆ ಗುರುತಿಸುವುದರಲ್ಲಿ ಆಗುವ ತಪ್ಪು. ಒಂದು ಬೆದೆ ಕೈತಪ್ಪಿದರೆ ಇನ್ನೂ 21 ದಿನ ಕಾಯಬೇಕು. ಕರು ತಡವಾದಷ್ಟೂ ಹಾಲು ತಡ, ಅಂಗಡಿಯಲ್ಲಿ ಹಿಂಡಿ-ಬೂಸಾ ಸಾಲ ಮಾತ್ರ ಬೆಳೆಯುತ್ತದೆ.

ಬೆದೆ ಚಕ್ರ ಎಷ್ಟು ದಿನ?
ಸರಾಸರಿ 21 ದಿನ. 18ರಿಂದ 24 ದಿನದೊಳಗೆ ಬಂದರೂ ಸರಿಯೇ. ಬೆದೆ ಇರುವುದು ಮಾತ್ರ ಸುಮಾರು 12ರಿಂದ 18 ಗಂಟೆ.

ಗುರುತು ಏನು?
ಬೇರೆ ಹಸು ಮೇಲೆ ಹತ್ತಿದಾಗ ಅಲ್ಲಾಡದೆ ನಿಲ್ಲುವುದೇ ಪಕ್ಕಾ ಗುರುತು. ಪದೇ ಪದೇ ಕೂಗುವುದು, ಮೇವು ಬಿಡುವುದು, ಹಾಲು ಕಡಿಮೆಯಾಗುವುದು, ಗಾಜಿನಂಥ ತಿಳಿ ಲೋಳೆ ದಾರದಂತೆ ಇಳಿಯುವುದೂ ಇರುತ್ತದೆ. ಬಿಸಿಲುಗಾಲದಲ್ಲಿ ಸೀಮೆ ಹಸುಗಳಲ್ಲಿ, ಎಮ್ಮೆಗಳಲ್ಲಿ ಇದು ಅಷ್ಟಾಗಿ ಕಾಣಲ್ಲ. ಹಾಗಾಗಿ ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುಂಚೆ ಕೊಟ್ಟಿಗೆಗೆ ಒಂದು ಸುತ್ತು ಹೋಗಿ ಬರಬೇಕು.

ಇಂಜೆಕ್ಷನ್ ಯಾವಾಗ?
ಅಂಡ ಬಿಡುಗಡೆ ಆಗುವುದು ಬೆದೆ ಮುಗಿದು ಸುಮಾರು 10-12 ಗಂಟೆ ಆದ ಮೇಲೆ. ಅದಕ್ಕೇ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಬೆದೆ ಕಳೆದು ಒಂದೆರಡು ದಿನಕ್ಕೆ ಬಾಲದಲ್ಲಿ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಆದರೆ ಟೈಮ್ ಮುಗೀತು ಅಂತಲೇ ಅರ್ಥ, ಆಗ ಇಂಜೆಕ್ಷನ್ ಮಾಡಿಸಿ ಉಪಯೋಗ ಇಲ್ಲ.

ಕ್ಯಾಲೆಂಡರ್‌ನಲ್ಲಿ ಬರೆದಿಡಿ
ಉದಾಹರಣೆಗೆ ಜೂನ್ 5ಕ್ಕೆ ಇಂಜೆಕ್ಷನ್ ಆಗಿದ್ದರೆ ಜೂನ್ 23ರಿಂದ 29ರವರೆಗೆ ಮತ್ತೆ ಗಮನ ಇಡಬೇಕು. ಬೆದೆಗೆ ಬರಲಿಲ್ಲ ಅಂದಮಾತ್ರಕ್ಕೆ ಗಬ್ಬ ಅಂತ ಸುಮ್ಮನಾಗಬಾರದು. ಎರಡು-ಮೂರು ತಿಂಗಳಿಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಗಬ್ಬ ನಿಂತಿದ್ದರೆ ಸುಮಾರು 280 ದಿನಕ್ಕೆ, ಅಂದರೆ ಮಾರ್ಚ್ ಎರಡನೇ ವಾರದ ಹೊತ್ತಿಗೆ ಕರು.

ಕರು ಹಾಕಿದ ಮೇಲೆ
ಗರ್ಭಕೋಶ ಸುಧಾರಿಸಲು ಟೈಮ್ ಬೇಕು. 60ರಿಂದ 90 ದಿನದೊಳಗೆ ಮತ್ತೆ ಇಂಜೆಕ್ಷನ್ ಮಾಡಿಸಿದರೆ ವರ್ಷಕ್ಕೊಂದು ಕರುವಿನ ಲೆಕ್ಕ ಹತ್ತಿರ ಬರುತ್ತದೆ. ಹಸಿ ಮೇವಿನ ಜೊತೆ ಖನಿಜ ಮಿಶ್ರಣ ತಪ್ಪಿಸಬಾರದು. ಮೂರು ಸಲ ಮಾಡಿಸಿದರೂ ನಿಲ್ಲದಿದ್ದರೆ, ಲೋಳೆ ಕೀವಿನಂತಿದ್ದರೆ, ನಾಲ್ಕನೇ ಇಂಜೆಕ್ಷನ್‌ಗೆ ಮುಂಚೆ ಪಶು ಆಸ್ಪತ್ರೆಯಲ್ಲಿ ತೋರಿಸಬೇಕು. ಹಸು ಮಾರುವ ಯೋಚನೆ ಆಮೇಲಿರಲಿ.