ಹಿತ್ತಲ ಬಾಗಲದಿಂದ ಬಂದ ಹುಳ

ಹೋದ ವಾರ ಬಾಜೂಮನಿಯಾಕಿ ಬಂದು, "ಕಂಪ್ಯೂಟರ್ ಕ್ಲೀನ್ ಮಾಡಿಸಿ ಎಂಟು ದಿನ ಆಗಿಲ್ಲ, ಮತ್ತ ವೈರಸ್ ಬಂದದ. ಹಂಗಾದ್ರ ರೊಕ್ಕ ತೊಗೊಂಡು ಅಂವಾ ಮಾಡಿದ್ದರ ಏನು?" ಅಂತ ಕೇಳಿದ್ಲು. ನನಗ 2009 ನೆನಪಾತು. ಆ ವರ್ಷ ನಮ್ಮ ಮನ್ಯಾಗೂ ಹಿಂಗೇ ಆಗಿತ್ತು, ಒಂದ್ಸಲ ಅಲ್ಲ, ಮೂರು ಸಲ. ಆಗ ನಾ ತಪ್ಪು ಹೊರಿಸಿದ್ದು ನಮ್ಮ ವೈನಿ ಮ್ಯಾಲೆ. ಆ ಮಾತು ಆಮ್ಯಾಲೆ ಹೇಳ್ತೀನಿ. ಮೊದಲ ಆ ಹುಳದ ಕಥಿ ಕೇಳ್ರಿ. ಯಾಕಂದ್ರ ಅದು ಬರೇ ನಮ್ಮನಿ ಕಥಿ ಅಲ್ಲ, ಫ್ರಾನ್ಸ್ ದೇಶದ ನೌಕಾಪಡೆ ತನಕಾ ಹೋಗಿ ಮುಟ್ಟಿದ ಕಥಿ.

ಅದರ ಹೆಸರು ಕಾನ್‌ಫಿಕರ್. ಕೆಲವರು ಡೌನಾಡಪ್ ಅಂತಿದ್ರು, ಕೆಲವರು ಕಿಡೊ. ಒಂದು ಮಶೀನಿನಿಂದ ಇನ್ನೊಂದಕ್ಕ ತಾನಾಗೇ ಹರೀತದಲ್ಲ, ಅದಕ್ಕ ಇಂಥಾದ್ದಕ್ಕ ವರ್ಮ್, ಅಂದ್ರ ಹುಳ, ಅಂತಾರ. ಒಳಗ ಸೇರಿದ ಮ್ಯಾಲೆ ತನ್ನ ಯಜಮಾನಗ ಒಂದು ಹಿತ್ತಲ ಬಾಗಲ ತಗದಿಡ್ತದ. ಇಂಗ್ಲೀಷಿನವರೂ ಅದಕ್ಕ ಬ್ಯಾಕ್‌ಡೋರ್ ಅಂತನೇ ಹೆಸರಿಟ್ಟಾರ. ತಲಬಾಗಲಕ್ಕ ಕೀಲಿ ಹಾಕಿ ನಾವು ನಿಶ್ಚಿಂತಿಯಿಂದ ಮಲ್ಕೊಂಡಿರ್ತೀವಿ, ಹಿತ್ತಲದಾಗ ಯಾರೋ ಬಂದು ಹೋಗ್ತಿರ್ತಾರ.

ಇದರಾಗ ನನಗ ಭಾಳ ಬ್ಯಾಸರ ಅನಸೋ ಸಂಗತಿ ಅಂದ್ರ, ರೋಗಕ್ಕಿಂತ ಮೊದಲ ಔಷಧ ಬಂದಿತ್ತು! ವಿಂಡೋಸ್‌ನಾಗ ಒಂದು ತೂತು ಅದ ಅಂತ ಗೊತ್ತಾಗಿ, ಮೈಕ್ರೋಸಾಫ್ಟಿನವರು 2008ರ ಅಕ್ಟೋಬರ್ 23ಕ್ಕ ಅದಕ್ಕ ತ್ಯಾಪಿ ಬಿಟ್ಟರು. ಅವರು ಇಂಥಾವನ್ನೆಲ್ಲ ತಿಂಗಳ ಎರಡನೇ ಮಂಗಳವಾರ ಬಿಡೋ ಪದ್ಧತಿ. ಇದನ್ನ ಮಾತ್ರ ತಡಕೊಳ್ಳಲಾರದ ನಡುವs ಬಿಟ್ಟರು, ಅಂದ್ರ ಅಷ್ಟು ಗಡಿಬಿಡಿ ಇತ್ತು. ಹುಳ ಕಾಣಿಸಿಕೊಂಡದ್ದು ನವೆಂಬರ್‌ನಾಗ, ಸುಮಾರು ಒಂದು ತಿಂಗಳು ಬಿಟ್ಟು. ಆ ಒಂದು ತಿಂಗಳದಾಗ ತ್ಯಾಪಿ ಹಚ್ಚಿಕೊಂಡವರ ಮಶೀನಿಗೆ ಅದು ಆ ತೂತಿನಿಂದ ಬರೋದು ಶಕ್ಯ ಇರಲಿಲ್ಲ.

ಮೊದಲನೇ ಅವತಾರ ಒಂದು ಮಜಾ ಮಾಡ್ತಿತ್ತು. ಕಂಪ್ಯೂಟರಿಗೆ ಉಕ್ರೇನಿ ಭಾಷಾದ ಕೀಬೋರ್ಡ್ ಇದ್ರ ಸುಮ್ಮನ ಹೊಳ್ಳಿ ಹೋಗ್ತಿತ್ತು. ಯಾಕೋ ಏನೋ, ನೀವೇ ಊಹೆ ಮಾಡ್ರಿ. ಡಿಸೆಂಬರ್ ಕಡೀಕ ಬಂದ ಎರಡನೇ ಅವತಾರ ಮಾತ್ರ ಭಾಳ ಪಕ್ಕಾ ಇತ್ತು. ತೂತು ಮುಚ್ಚಿದ್ರ ಮುಚ್ಚಲಿ, ಅದಕ್ಕ ಇನ್ನೂ ಎರಡು ದಾರಿ ಕಲಿಸಿದ್ರು. ಒಂದು, ಆಫೀಸಿನಾಗ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರಿನ ಪಾಸ್‌ವರ್ಡ್ ಊಹೆ ಮಾಡೋದು. 123456, ಅಡ್ಮಿನ್, ಪಾಸ್‌ವರ್ಡ್ ಅನ್ನೋ ಇಂಥಾ ಹಗುರ ಮಾತಿನ ಒಂದು ಪಟ್ಟೀನೇ ಅದರ ಹೊಟ್ಟ್ಯಾಗಿತ್ತು. ಇನ್ನೊಂದು ದಾರಿ, ಪೆನ್ ಡ್ರೈವ್.

ಪೆನ್ ಡ್ರೈವಿನ ಯುಕ್ತಿ ಸ್ವಲ್ಪ ಸಾವಕಾಶ ಹೇಳಬೇಕು. ಆಗಿನ ವಿಂಡೋಸ್‌ನಾಗ ಪೆನ್ ಡ್ರೈವ್ ಹಾಕಿದ ಕೂಡ್ಲೆ ಒಂದು ಖಿಡಕಿ ತಕ್ಕೊಂಡು, "ಏನು ಮಾಡ್ಲಿ?" ಅಂತ ಕೇಳ್ತಿತ್ತು. ಒಳಗಿನ ಫೈಲ್ ನೋಡಬೇಕಂದ್ರ ಹಳದಿ ಫೋಲ್ಡರ್ ಚಿತ್ರ ಒತ್ತೋದು ನಮಗೆಲ್ಲ ರೂಢಿ. ಈ ಹುಳ ಅದೇ ಹಳದಿ ಚಿತ್ರ, ಅದೇ ಇಂಗ್ಲೀಷ್ ಮಾತು ಬಳಸಿ ತನ್ನದೊಂದು ಸಾಲು ಮ್ಯಾಲೆ ಸೇರಿಸ್ತಿತ್ತು. ಒಂದೇ ಥರದ ಎರಡು ಸಾಲು! ಮ್ಯಾಲಿಂದು ಒತ್ತಿದ್ರಿ ಅಂದ್ರ ನೀವೇ ಕೈ ಹಿಡಿದು ಒಳಗ ಕರಕೊಂಡಂಗ. ನೋಡ್ಲಿಕ್ಕೆ ಉಪಕಾರಿ, ಒಳಗ ಅಪಕಾರಿ, ಇಂಥಾದ್ದಕ್ಕೇ ಟ್ರೋಜನ್ ಅಂತಾರ.

ಒಳಗ ಬಂದದ್ದು ಏನು ಮಾಡ್ತಿತ್ತು? ತಾ ಬಂದ ತೂತನ್ನ ತಾನೇ ಮುಚ್ಚತಿತ್ತು, ಬ್ಯಾರೆ ಕಳ್ಳರು ಬರಬಾರದಂತ. ತನ್ನವರಿಗೆ ಮಾತ್ರ ಒಂದು ಸಂದು ಬಿಡ್ತಿತ್ತು. ವಿಂಡೋಸ್ ಅಪ್‌ಡೇಟ್ ಬಂದ್ ಮಾಡ್ತಿತ್ತು. ಹಿಂದಿನ ಒಳ್ಳೇ ದಿನಕ್ಕ ಹೊಳ್ಳಿ ಹೋಗೋ ಸಿಸ್ಟಂ ರಿಸ್ಟೋರ್ ಅನ್ನೋದನ್ನ ಅಳಿಸಿ ಹಾಕ್ತಿತ್ತು. ಔಷಧ ಸಿಗೋ ಜಾಲತಾಣ ಯಾವೂ ತಗೀಲಾರದಂಗ ಮಾಡ್ತಿತ್ತು. ಮೈಕ್ರೋಸಾಫ್ಟ್, ನಾರ್ಟನ್, ಕ್ಯಾಸ್ಪರ್‌ಸ್ಕಿ ಅಷ್ಟೇ ಅಲ್ಲ, ನಮ್ಮ ಪುಣೆದ ಕ್ವಿಕ್ ಹೀಲ್ ಹೆಸರು ಸುದ್ದಾ ಆ ಪಟ್ಟ್ಯಾಗಿತ್ತು.

2009ರ ಜನವರಿಯೊಳಗ ಎಫ್-ಸೆಕ್ಯೂರ್ ಅನ್ನೋ ಕಂಪನಿಯವರು 89 ಲಕ್ಷ ಕಂಪ್ಯೂಟರಿಗೆ ತಗಲಿರಬೇಕು ಅಂತ ಲೆಕ್ಕಾ ಹಾಕಿದ್ರು. ಫ್ರಾನ್ಸಿನ ನೌಕಾಪಡೆಯ ಕೆಲವು ವಿಮಾನ ಹಾರಾಟದ ಮಾಹಿತಿ ಸಿಗಲಾರದ ನೆಲದ ಮ್ಯಾಲೇ ನಿಂತವು. ಇಂಗ್ಲಂಡಿನ ಮ್ಯಾಂಚೆಸ್ಟರ್ ನಗರಸಭೆದ್ದು ಇನ್ನೂ ಕಠಿಣ. ಫೆಬ್ರವರಿಯಾಗ ತಗಲಿದ್ದಕ್ಕ ಸುಮಾರು 15 ಲಕ್ಷ ಪೌಂಡು ಖರ್ಚಾತು, ಬಸ್ ದಾರಿಗೆ ಗಾಡಿ ತಂದವರಿಗೆ ದಂಡದ ನೋಟಿಸು ಕಳಸ್ಲಿಕ್ಕೂ ಆಗಲಿಲ್ಲ. ಕಡೀಕ ಅವರು ನೌಕರರಿಗೆ ಪೆನ್ ಡ್ರೈವ್ ತರೋದೇ ಬ್ಯಾಡ ಅಂದ್ರು. ಅಷ್ಟು ದೊಡ್ಡ ಊರಿನ ನಗರಸಭೆ ಕೂಡ ನಮ್ಮಂಗ ಪೆನ್ ಡ್ರೈವಿಗೆ ಹೆದರಿತ್ತು ಅಂತ ಓದಿದಾಗ ನನಗ ಸ್ವಲ್ಪ ಸಮಾಧಾನ ಆತು, ಖರೇ ಹೇಳ್ತೀನಿ.

ಹುಳ ದಿನಾ 250 ಜಾಲತಾಣದ ಹೆಸರು ಹುಟ್ಟಿಸಿ, ಯಜಮಾನನ ಅಪ್ಪಣಿ ಎಲ್ಲ್ಯಾದರೂ ಅದನೋ ಅಂತ ಹುಡುಕ್ತಿತ್ತು. ಅದನ್ನ ತಡೀಲಿಕ್ಕೆ ಬ್ಯಾರೆ ಬ್ಯಾರೆ ಕಂಪನಿ ಮಂದಿ, ವಿದ್ವಾಂಸರು ಕೂಡಿ ಆ ಹೆಸರನ್ನ ಮೊದಲೇ ಲೆಕ್ಕಾ ಮಾಡಿ ತಮ್ಮ ಕೈಗೆ ತೊಗೊಳ್ಳಿಕತ್ತರು. ಮೈಕ್ರೋಸಾಫ್ಟ್ ಫೆಬ್ರವರಿಯಾಗ ಎರಡೂವರಿ ಲಕ್ಷ ಡಾಲರ್ ಬಹುಮಾನ ಸಾರಿತು. ಕಳ್ಳರು ಏನು ಕಡಿಮಿ? ಏಪ್ರಿಲ್ 1ರಿಂದ ದಿನಾ 50,000 ಹೆಸರು ಹುಟ್ಟಿಸೋ ಹೊಸ ಅವತಾರ ಬಿಟ್ಟರು. ಅವತ್ತು ಜಗತ್ತೇ ಮುಳುಗತದ ಅನ್ನೋಹಂಗ ಸುದ್ದಿ ಆಗಿತ್ತು, ಏನೂ ಆಗಲಿಲ್ಲ. ಒಂದು ವಾರ ಬಿಟ್ಟು ಕೆಲವು ಮಶೀನಿನಾಗ ಒಂದು ಸುಳ್ಳು ಆಂಟಿವೈರಸ್ ಇಳೀತು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದದ, 49.95 ಡಾಲರ್ ಕೊಡ್ರಿ" ಅಂತ ಕೇಳ್ತಿತ್ತು. ಕಳವು ಮಾಡಿದಾಂವನೇ ಬಂದು ಕೀಲಿ ಮಾರಿದಂಗ.

ಈಗ ನಮ್ಮನಿ ಕಥಿ. ಆ ಬ್ಯಾಸಗಿಯಾಗ ಮಗನ ಮುಂಜಿವಿ ಆತು. ಫೋಟೋ ಅಂಗಡಿಯವ ಪೆನ್ ಡ್ರೈವಿನಾಗ ಫೋಟೋ ಹಾಕಿಕೊಟ್ಟ. ನಾವು ನೋಡಿದ್ವಿ, ಮುಂದಿನ ವಾರ ಅದೇ ಪೆನ್ ಡ್ರೈವ್ ವೈನಿ ಮನಿಗೆ ಕೊಟ್ಟು ಬಂದೆ, ಅವರು ಹೊಳ್ಳಿ ಕೊಟ್ಟರು. ಅದಾದ ಮ್ಯಾಲೆ ಕಂಪ್ಯೂಟರ್ ಹಠಾ ಹಿಡೀತು. ಕ್ಲೀನ್ ಮಾಡಿಸಿದ್ವಿ, ಮತ್ತ ಬಂತು. ಮತ್ತ ಮಾಡಿಸಿದ್ವಿ, ಮತ್ತ ಬಂತು. "ವೈನಿ ಮನಿಯವರು ಕಂಡಕಂಡದ್ದೆಲ್ಲಾ ಹಾಕ್ತಾರ, ಅಲ್ಲಿಂದನೇ ಬಂದದ" ಅಂತ ಎರಡು ಮೂರು ಮಂದಿ ಮುಂದ ಅಂದೆ. ಮಾತು ಮುಟ್ಟೋ ಕಡೆ ಮುಟ್ಟಿತು. ಆ ವರ್ಷ ಪಂಚಮಿಗೆ ವೈನಿ ನನಗ ಕರೀಲಿಲ್ಲ.

ಮೂರನೇ ಸಲ ಅಕ್ಕನ ಮಗ ಬಂದ. ಅಂವಾ ಒಂದು ಪುಟ ತಗದು ತೋರಿಸಿದ, ಕಣ್ಣಿನ ಡಾಕ್ಟರ್ ಹತ್ತರ ಇರೋ ಅಕ್ಷರದ ಬೋರ್ಡಿನಂಗ ಅದಕ್ಕ ಹೆಸರು, ಐ ಚಾರ್ಟ್ ಅಂತ. ಅದರಾಗಿನ ಕೆಲವು ಚಿತ್ರ ಹುಳ ತಡೀತಿದ್ದ ಜಾಲತಾಣದಿಂದಲೇ ಬರಬೇಕು. ಆ ಚಿತ್ರ ಕಾಣಲಿಲ್ಲಂದ್ರ ಹುಳ ಅದ ಅಂತ ಸಂಶಯ. ನಮ್ಮದ್ರಾಗ ಆ ಜಾಗಾ ಖಾಲಿ ಇತ್ತು. "ಮಾವಶಿ, ಆಂಟಿವೈರಸ್ ಯಾವತ್ತಿನಿಂದ ಅಪ್‌ಡೇಟ್ ಆಗವಲ್ದು?" ಅಂತ ಕೇಳಿದ. ಮುಂಜಿವಿ ಆದ ವಾರದಿಂದನೇ ಆಗ್ತಿರಲಿಲ್ಲ, ನಾ ನೆಟ್ ಸರಿ ಇಲ್ಲ ಅಂದ್ಕೊಂಡಿದ್ದೆ. ಹೇಳ್ತಿದ್ದಂಗೇ ನನಗ ಹೊಳೀತು. ಪೆನ್ ಡ್ರೈವ್ ವೈನಿ ಮನಿಗೆ ಹೋಗೋಕ್ಕಿಂತ ಒಂದು ವಾರ ಮೊದಲೇ ನಮ್ಮ ಮಶೀನ್ ಕೆಟ್ಟಿತ್ತು. ಅಲ್ಲಿಂದ ಇಲ್ಲಿಗೆ ಬಂದಿರಲಿಲ್ಲ, ಇಲ್ಲಿಂದ ಅಲ್ಲಿಗೆ ನಾನೇ ಒಯ್ದು ಕೊಟ್ಟಿದ್ದೆ.

ಅಂವಾ ಮಾಡಿದ್ದು ಹಿಂದಿನವರು ಮಾಡಿದ್ದಕ್ಕಿಂತ ಭಾಳ ಬ್ಯಾರೆ ಏನಿರಲಿಲ್ಲ, ಕ್ರಮ ಅಷ್ಟೇ ಬ್ಯಾರೆ. ಮೊದಲ ನೆಟ್ಟಿನ ವಾಯರ್ ಕಿತ್ತ. ಹುಳ ತಗಿಯೋ ಸಾಧನ, ಆ ಅಕ್ಟೋಬರ್ ತಿಂಗಳ ತ್ಯಾಪಿ, ಎರಡನ್ನೂ ಬ್ಯಾರೆ ಒಳ್ಳೇ ಮಶೀನಿನಾಗ ಇಳಿಸಿ ಸಿ.ಡಿ.ಗೆ ಹಾಕ್ಕೊಂಡು ಬಂದಿದ್ದ, ಪೆನ್ ಡ್ರೈವಿಗೆ ಅಲ್ಲ. ಹುಳ ತಗದ, ತ್ಯಾಪಿ ಹಚ್ಚಿದ, ಪೆನ್ ಡ್ರೈವ್ ಹಾಕಿದ ಕೂಡ್ಲೆ ತಾನೇ ತಕ್ಕೊಳ್ಳೋ ಆಟೋರನ್ ಬಂದ್ ಮಾಡಿದ, ಮನ್ಯಾಗಿನ ಪೆನ್ ಡ್ರೈವ್ ಎಲ್ಲಾ ಒಂದೊಂದಾಗಿ ತೊಳದ, ಪಾಸ್‌ವರ್ಡ್ ಬದಲಿಸಿದ. ಆಮ್ಯಾಲೇ ವಾಯರ್ ಹಚ್ಚಿದ. ಹಿಂದಿನ ಎರಡೂ ಸಲ ಪೆನ್ ಡ್ರೈವಿನ ಕಡೆ ಯಾರೂ ನೋಡಿರಲಿಲ್ಲ. ಹುಳ ಟೇಬಲ್ಲಿನ ಖಾನೆಯಾಗ ಆರಾಮ ಕೂತಿತ್ತು.

ಇನ್ನೊಂದು ಕೇಳಿದ, "ಅಪ್‌ಡೇಟ್ ಯಾಕ ಬಂದ್ ಇಟ್ಟಿದ್ರಿ?" ಹುಳ ಬರೋಕ್ಕಿಂತ ಮೊದಲೇ ಬಂದ್ ಇತ್ತು. ನಮ್ಮದು ರೊಕ್ಕ ಕೊಡಲಾರದ ಹಾಕಿಸಿಕೊಂಡ ನಕಲಿ ವಿಂಡೋಸ್, ಅಪ್‌ಡೇಟ್ ಮಾಡಿದ್ರ ಗೊತ್ತಾಗ್ತದಂತ ಹಾಕಿದಾಂವನೇ ಬಂದ್ ಮಾಡಿಟ್ಟಿದ್ದ. ಎಲ್ಲಾ ಗೊತ್ತಿದ್ದೇ ನಾವು ಹೂಂ ಅಂದಿದ್ವಿ.

ಪೆನ್ ಡ್ರೈವ್ ತಾನೇ ಓಡೋ ಚಟಾನ ಮೈಕ್ರೋಸಾಫ್ಟಿನವರು ಹೊಸ ವಿಂಡೋಸ್ 7ರಾಗ ಬಿಡಿಸಿದ್ರು, ಹಳೇ ಎಕ್ಸ್‌ಪಿಗೆ 2011ರ ಫೆಬ್ರವರಿಯಾಗ ಅಪ್‌ಡೇಟ್ ಕೊಟ್ಟು ಬಿಡಿಸಿದ್ರು. ಹುಳದ ಯಜಮಾನ ಯಾರು ಅನ್ನೋದು ಮಾತ್ರ ಸಾಬೀತಾಗಲೇ ಇಲ್ಲ. ಅಪ್ಪಣಿ ಕೊಡೋರು ಸುಮ್ಮನಾದ್ರೂ ತ್ಯಾಪಿ ಹಚ್ಚದ ಹಳೇ ಮಶೀನಿನಾಗ ಎಷ್ಟೋ ವರ್ಷ ಅದು ಹಂಗೇ ಹರದಾಡಿಕೋತ ಇತ್ತು.

ಬಾಜೂಮನಿಯಾಕಿಗೆ ನಿನ್ನೆ ಹೇಳಿ ಬಂದೆ, ಮನ್ಯಾಗಿನ ಪೆನ್ ಡ್ರೈವ್ ಎಲ್ಲಾ ಒಂದು ತಾಟಿನಾಗ ಕೂಡಿಸಿ ಇಡು, ಅಪ್‌ಡೇಟ್ ಚಾಲೂ ಅದನೋ ಇಲ್ಲೋ ನೋಡು ಅಂತ. ಆಕಿ ತಮ್ಮ ನಾದಿನಿ ಮ್ಯಾಲೆ ಸಂಶಯ ಪಡ್ಲಿಕತ್ತಿದ್ಲು, ಸ್ವಲ್ಪ ತಡಿ ಅಂದೆ. ವೈನಿ ಮುಂದ ಮಾತ್ರ ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ಅವರು ಇವನ್ನೆಲ್ಲ ಓದ್ತಾರಂತ ಗೊತ್ತಿದ್ದೇ ಇಲ್ಲಿ ಬರದೀನಿ.