ಚರಿತ್ರೆಗೂ ಸನದು ಬೇಕು

ಹದೀಸ್ ವಿದ್ವಾಂಸರು ಯಾವ ಮಾತನ್ನೂ ಕೇಳಿದ ಕೂಡಲೇ ಒಪ್ಪುತ್ತಿರಲಿಲ್ಲ. ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಸನದು ನೋಡುತ್ತಿದ್ದರು. ಸುದ್ದಿ ಬಂದಾಗ ವಿಚಾರಿಸಿ ನೋಡಬೇಕೆಂದು ಸೂರಃ ಹುಜುರಾತ್ ನಮಗೆ ಕಲಿಸಿದೆ. ಆದರೆ ನಮ್ಮದೇ ಊರಿನ ಚರಿತ್ರೆಯ ವಿಷಯದಲ್ಲಿ ನಾವು ಮೊಬೈಲಿಗೆ ಬಂದದ್ದನ್ನು ನಂಬಿ, ಮಕ್ಕಳಿಗೂ ಅದನ್ನೇ ದಾಟಿಸುತ್ತಿದ್ದೇವೆ.

ಕಿತ್ತೂರನ್ನೇ ನೋಡೋಣ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಅಲ್ಲಿ ಹತನಾದ. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಸೆರೆಯಲ್ಲಿದ್ದ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡರು. ಆ ದಿನ ಕೆಲವು ಬರಹಗಳಲ್ಲಿ ಫೆಬ್ರುವರಿ 2, ಕೆಲವುಗಳಲ್ಲಿ 21. ಒಂದನ್ನೇ ಓದಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾದರೆ ಏನು ಓದಬೇಕು? ಮೊದಲು ಸದಾಶಿವ ಒಡೆಯರರು ರಾಣಿ ಚನ್ನಮ್ಮನ ಕುರಿತು ಬರೆದ ಪುಸ್ತಕ. ಬಳಿಕ 1884ರ ಬೆಳಗಾವಿ ಗೆಜೆಟಿಯರ್. ಇಂಗ್ಲಿಷಿನಲ್ಲಿರುವ ಇದನ್ನು ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಬಹುದು. ಊರು, ಬೆಳೆ, ಸಂತೆ, ಜನಜೀವನ ಎಲ್ಲವೂ ಅದರಲ್ಲಿದೆ. ಆದರೆ ಅದು ಗೆದ್ದವರು ಬರೆಸಿದ್ದು. ಕಿತ್ತೂರಿನ ಹೋರಾಟ ಅವರ ಕಣ್ಣಿಗೆ ದಂಗೆ. ಸಂಗೊಳ್ಳಿ ರಾಯಣ್ಣನ ಲಾವಣಿಗಳಲ್ಲಿ ಸೋತವರ ದನಿಯಿದೆ; ಆದರೆ ಹಾಡು ಇಸವಿಯ ಲೆಕ್ಕ ಇಡುವುದಿಲ್ಲ. ಎರಡನ್ನೂ ಎದುರುಬದುರು ಇಟ್ಟು ಓದಬೇಕು.

ಸವದತ್ತಿಯಲ್ಲಿ ಕಲ್ಲೇ ಪುಸ್ತಕ. ಅಲ್ಲಿಂದ ಆಳಿದ ರಟ್ಟರ ಶಾಸನಗಳನ್ನು ಫ್ಲೀಟ್ ಓದಿ ಅಚ್ಚು ಹಾಕಿಸಿದರು. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಆ ಕಾಲದ ಕಾಗದ ಓದಲು ಮರಾಠಿಯ ಮೋಡಿ ಲಿಪಿ ತಿಳಿದವರು ಬೇಕು.

“ಈ ಚರಿತ್ರೆಯಲ್ಲಿ ನಮ್ಮವರು ಎಲ್ಲಿ?” ಎಂದು ಮಕ್ಕಳು ಕೇಳುತ್ತಾರೆ. ಉತ್ತರಕ್ಕಾಗಿ ಇಲ್ಲದ ವೀರರನ್ನು ನಾವು ಹುಟ್ಟಿಸಬಾರದು, ಅದೂ ಸುಳ್ಳೇ. ಇದ್ದವರನ್ನು ಮರೆಯಲೂಬಾರದು. ಮಸೀದಿ, ದರ್ಗಾಗಳ ಇನಾಮು ಪತ್ರ, ಅಜ್ಜನ ಕಾಲದ ಖರೀದಿ ಕಾಗದ, ಖಬರಸ್ತಾನದ ಕಲ್ಲಿನ ಮೇಲಿನ ಬರಹ, ಇವೇ ನಮ್ಮ ಸಾಕ್ಷಿ. ಇಂಥ ಕಾಗದ ಮನೆ ಸುಣ್ಣ ಬಳಿಯುವಾಗ ರದ್ದಿಗೆ ಹೋದರೆ, ಆ ಸಾಕ್ಷಿಯನ್ನು ಮತ್ತೆ ಕರೆತರಲು ಯಾರಿಂದಲೂ ಆಗದು.

ಆದ್ದರಿಂದ ಈ ತಿಂಗಳು ಮೂರು ಕೆಲಸ ಮಾಡೋಣ. ಮಕ್ಕಳನ್ನು ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯೋಣ. ಮನೆಯ ಹಳೆಯ ಕಾಗದಗಳ ಫೋಟೊ ತೆಗೆದಿಡೋಣ. ದಾದಾ, ದಾದಿಯರು ಹೇಳುವುದನ್ನು, ಅವರು ಯಾರಿಂದ ಕೇಳಿದರೆಂಬುದರ ಸಮೇತ ಬರೆದಿಡೋಣ.

ಸತ್ಯವನ್ನು ಹುಡುಕುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.